ಹಗಲ ಬೆಳಕಿನ ಕೊಲೆ: ‘ನೈಟ್‌ಫಾಲ್’ ಚಿತ್ರದ ನಗರ ಮತ್ತು ಬೆಟ್ಟ



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ದೊಡ್ಡ ವಿಷಯ ಆರಿಸಿಕೊಳ್ಳುವುದು ರೂಢಿ. ನಾನು ಇಂದು ಎಂಬತ್ತು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ಕಪ್ಪು-ಬಿಳುಪು ಅಪರಾಧ ಚಿತ್ರದ ಬಗ್ಗೆ ಮಾತಾಡುತ್ತೇನೆ. 1957ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ನೈಟ್‌ಫಾಲ್’ ಅದರ ಹೆಸರು. ನಿರ್ದೇಶಕ ಜಾಕ್ ಟೂರ್ನರ್. ಅದನ್ನು ಹಂಚಿದ್ದು ಕೊಲಂಬಿಯಾ ಸಂಸ್ಥೆ. ತಯಾರಿಸಿದ್ದು ನಟ ಟೈರೋನ್ ಪವರ್ ಮತ್ತು ನಿರ್ಮಾಪಕ ಟೆಡ್ ರಿಚ್ಮಂಡ್ ಸೇರಿ ನಡೆಸುತ್ತಿದ್ದ ಕೋಪಾ ಪ್ರೊಡಕ್ಷನ್ಸ್ ಎಂಬ ಪುಟ್ಟ ಕಂಪನಿ. ದೊಡ್ಡ ತಾರೆಯರಿಲ್ಲ, ಭಾರಿ ಸೆಟ್‌ಗಳಿಲ್ಲ, ಪ್ರಶಸ್ತಿಗಳ ಪಟ್ಟಿಯಿಲ್ಲ. ಆದರೂ ಒಬ್ಬ ಮನುಷ್ಯ ಇನ್ನೊಬ್ಬನನ್ನು ಸಾಕ್ಷಿಯಿಲ್ಲದೆ ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೈಗೆತ್ತಿಕೊಂಡ ಅಪರಾಧ ಚಿತ್ರ ನನಗೆ ಇನ್ನೊಂದು ಸಿಕ್ಕಿಲ್ಲ. ಆ ಪ್ರಶ್ನೆಯನ್ನು ಅದು ಮಾತಿನಲ್ಲಿ ಕೇಳುವುದಿಲ್ಲ. ಬೆಳಕಿನಲ್ಲಿ ಕೇಳುತ್ತದೆ, ನಗರದ ರಾತ್ರಿ ಮತ್ತು ಬೆಟ್ಟದ ಹಿಮ ಎಂಬ ಎರಡು ಬಗೆಯ ಬೆಳಕಿನಲ್ಲಿ.

ಮೊದಲ ದೃಶ್ಯವನ್ನೇ ನೋಡಿ. ಲಾಸ್ ಏಂಜಲೀಸ್‌ನ ಹಾಲಿವುಡ್ ಬೀದಿ. ಮುಸ್ಸಂಜೆ. ಪತ್ರಿಕೆ ಮಾರುವ ಅಂಗಡಿಯ ಮುಂದೆ ದಪ್ಪ ಮೈಕಟ್ಟಿನ ಒಬ್ಬ ನಿಂತಿದ್ದಾನೆ. ಕತ್ತಲಾಗುತ್ತಿದೆ ಎಂದು ಅಂಗಡಿಯವನು ದೀಪ ಹಾಕುತ್ತಾನೆ. ಪ್ರತಿ ಸಂಜೆ ಎಲ್ಲ ಅಂಗಡಿಯವರೂ ಮಾಡುವ ಕೆಲಸ. ಬೆಳಕು ಬಿದ್ದ ಕೂಡಲೇ ಈ ಮನುಷ್ಯ ಬೆಚ್ಚಿ ಮುಖ ತಿರುಗಿಸುತ್ತಾನೆ. ಅವನ ಹೆಸರು ನಮಗೆ ಗೊತ್ತಿಲ್ಲ, ಅವನ ಹಿಂದೆ ಯಾರಿದ್ದಾರೆ ಎಂಬುದೂ ಗೊತ್ತಿಲ್ಲ. ಕತ್ತಲೆಗೆ ಹೆದರುವವರನ್ನು ನಾವು ಸಿನಿಮಾಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ. ಈತ ಬೆಳಕಿಗೆ ಹೆದರುತ್ತಾನೆ. ಟೂರ್ನರ್ ಆ ಒಂದೇ ಚಲನೆಯಲ್ಲಿ ಇಡೀ ಚಿತ್ರದ ವಿಷಯವನ್ನು ನಮ್ಮ ಕೈಗೆ ಕೊಟ್ಟುಬಿಡುತ್ತಾನೆ, ಅದೂ ಒಂದು ಬಲ್ಬಿನ ಖರ್ಚಿನಲ್ಲಿ.

ಟೂರ್ನರ್‌ಗೆ ಈ ವಿದ್ಯೆ ಹೊಸದಲ್ಲ. 1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಆತ ಮೂಕಿ ಚಿತ್ರಗಳ ಕಾಲದ ಹೆಸರಾಂತ ನಿರ್ದೇಶಕ ಮಾರಿಸ್ ಟೂರ್ನರ್ ಅವರ ಮಗ. 1942ರಲ್ಲಿ ಆರ್‌ಕೆಓ ಸಂಸ್ಥೆಯಲ್ಲಿ ನಿರ್ಮಾಪಕ ವ್ಯಾಲ್ ಲ್ಯೂಟನ್ ಜೊತೆ ‘ಕ್ಯಾಟ್ ಪೀಪಲ್’ ಮಾಡಿದಾಗ ಅವರ ಕೈಯಲ್ಲಿ ಇದ್ದದ್ದು ಒಂದೂವರೆ ಲಕ್ಷ ಡಾಲರಿಗೂ ಕಡಿಮೆ ಹಣ. ಹೆಂಗಸೊಬ್ಬಳು ರಾತ್ರಿ ಉದ್ಯಾನದ ಗೋಡೆಯ ಪಕ್ಕ ನಡೆದು ಹೋಗುತ್ತಾಳೆ. ಹಿಂದೆ ಹೆಜ್ಜೆ ಸಪ್ಪಳ ಕೇಳಿಸುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ತಟ್ಟನೆ ಬುಸುಗುಟ್ಟುತ್ತಾ ಬಸ್ಸೊಂದು ಚೌಕಟ್ಟಿನೊಳಗೆ ನುಗ್ಗಿದಾಗ ಪ್ರೇಕ್ಷಕರು ಕಿರುಚಿಕೊಂಡರು. ಮೃಗ ಕಾಣಿಸಲೇ ಇಲ್ಲ. ದೀಪ ಎಲ್ಲಿದೆಯೋ ಅಲ್ಲಿಂದಲೇ ಬೆಳಕು ಬರಬೇಕು, ನಟರು ತಗ್ಗಿದ ದನಿಯಲ್ಲಿ ಮಾತಾಡಬೇಕು ಎಂಬುದು ಆತನ ಪಟ್ಟು. 1995ರಲ್ಲಿ ಅಮೆರಿಕದ ಸಿನಿಮಾ ಕುರಿತು ಮಾಡಿದ ಸಾಕ್ಷ್ಯಚಿತ್ರದಲ್ಲಿ ಮಾರ್ಟಿನ್ ಸ್ಕೋರ್ಸೆಸಿ ಇಂಥ ನಿರ್ದೇಶಕರನ್ನು ಕಳ್ಳಸಾಗಣೆದಾರರು ಎಂದು ಕರೆದು, ಟೂರ್ನರ್‌ಗೆ ಅಲ್ಲಿ ಗೌರವದ ಜಾಗ ಕೊಟ್ಟಿದ್ದಾರೆ. ಕಂಪನಿ ಕೇಳಿದ ಮಾಲಿನ ಒಳಗೆ ತಮ್ಮ ಮಾತನ್ನು ಅಡಗಿಸಿ ದಾಟಿಸಿದವರು ಎಂಬ ಅರ್ಥದಲ್ಲಿ. ಕ್ರಿಸ್ ಫ್ಯೂಜಿವಾರ 1998ರಲ್ಲಿ ಟೂರ್ನರ್ ಕುರಿತು ಬರೆದ ದೊಡ್ಡ ಗ್ರಂಥದ ಹೆಸರಿನಲ್ಲಿ ‘ನೈಟ್‌ಫಾಲ್’ ಸೇರಿಕೊಂಡಿದೆ. ಆ ಆಯ್ಕೆ ನನಗೆ ಬಹಳ ಸರಿ ಎನಿಸುತ್ತದೆ.

ಈಗ ಕತೆ. ಪತ್ರಿಕೆ ಅಂಗಡಿಯ ಮುಂದೆ ಕಂಡವನ ನಿಜವಾದ ಹೆಸರು ಜೇಮ್ಸ್ ವ್ಯಾನಿಂಗ್. ನಟ ಆಲ್ಡೊ ರೇ. ಜಾಹೀರಾತುಗಳಿಗೆ ಚಿತ್ರ ಬರೆದು ಬದುಕುವವನು, ಸುಳ್ಳು ಹೆಸರಿನಲ್ಲಿ ಈ ಊರಿನಲ್ಲಿ ಅಡಗಿದ್ದಾನೆ. ಬಾರಿನಲ್ಲಿ ಮರೀ ಗಾರ್ಡ್‌ನರ್ ಎಂಬ ಯುವತಿ ಅವನಿಂದ ಐದು ಡಾಲರ್ ಸಾಲ ಕೇಳುತ್ತಾಳೆ. ಆ ಪಾತ್ರ ಮಾಡಿದವರು ಆನ್ ಬ್ಯಾಂಕ್ರಾಫ್ಟ್. ‘ದಿ ಮಿರಾಕಲ್ ವರ್ಕರ್’ ಚಿತ್ರಕ್ಕೆ ಆಸ್ಕರ್ ಬರುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಇಬ್ಬರೂ ಊಟ ಮುಗಿಸಿ ಹೊರಗೆ ಬಂದಾಗ ಜಾನ್ ಮತ್ತು ರೆಡ್ ಎಂಬಿಬ್ಬರು ವ್ಯಾನಿಂಗ್‌ನನ್ನು ಎಳೆದುಕೊಂಡು ಹೋಗುತ್ತಾರೆ. ಅವರಿಗೆ ಬೇಕಾದದ್ದು ಮೂರೂವರೆ ಲಕ್ಷ ಡಾಲರ್, ಬ್ಯಾಂಕ್ ದರೋಡೆಯ ಹಣ. ರಾತ್ರಿಯಲ್ಲಿ ಮೇಲೆ ಕೆಳಗೆ ಆಡುತ್ತಲೇ ಇರುವ ಎಣ್ಣೆ ಪಂಪಿನ ಭಾರದ ತಲೆಯ ಕೆಳಗೆ ಅವನನ್ನು ಒತ್ತಿಹಿಡಿದು, ಹಣ ಎಲ್ಲಿ ಎಂದು ಕೇಳುತ್ತಾರೆ. ಲಾಸ್ ಏಂಜಲೀಸ್ ಸುತ್ತಮುತ್ತ ಎಣ್ಣೆ ಬಾವಿಗಳು ಎಲ್ಲೆಂದರಲ್ಲಿ ಇದ್ದ ಕಾಲ ಅದು. ಅದಕ್ಕೊಂದು ಸೆಟ್ ಹಾಕಿದ್ದರೆ ಆ ಯಂತ್ರದ ನಿರ್ಲಿಪ್ತ ಏರಿಳಿತ ಸಿಗುತ್ತಿರಲಿಲ್ಲ.

ವ್ಯಾನಿಂಗ್ ತಪ್ಪಿಸಿಕೊಂಡು ಮರೀಯ ಮನೆಗೆ ಹೋಗುತ್ತಾನೆ. ತನ್ನನ್ನು ಸಿಕ್ಕಿಹಾಕಿಸಿದವಳು ಇವಳೇ ಎಂದು ಅವನ ಅನುಮಾನ. ಅವರು ಪೊಲೀಸರೆಂದು ನಂಬಿದ್ದೆ ಎನ್ನುತ್ತಾಳೆ ಅವಳು. ಅಲ್ಲಿಂದ ಅವನು ತನ್ನ ಕತೆ ಹೇಳತೊಡಗುತ್ತಾನೆ, ಚಿತ್ರ ವಯೋಮಿಂಗ್‌ನ ಬೆಟ್ಟಕ್ಕೆ ಹೋಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಚಿತ್ರ ಹೆಸರಿಸುವ ಊರು ಮೂಸ್, ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದ ಒಳಗಿರುವ ಒಂದು ಚಿಕ್ಕ ನೆಲೆ. ಟೀಟನ್ ಸಾಲು ಉಳಿದ ಪರ್ವತಗಳ ಹಾಗಿಲ್ಲ. ನಮ್ಮ ಕಡೆ ಘಟ್ಟ ಏರುವವರಿಗೆ ಬೆಟ್ಟ ಬರುವ ಮುಂಚೆಯೇ ಗುಡ್ಡಗಳು, ತಿರುವುಗಳು, ಕಾಡು ಎದುರಾಗುತ್ತವೆ. ಟೀಟನ್‌ಗೆ ಅಂಥ ಪೂರ್ವಪೀಠಿಕೆಯೇ ಇಲ್ಲ. ಭೂಮಿಯ ಬಿರುಕಿನುದ್ದಕ್ಕೂ ಒಂದು ಬದಿ ಮೇಲಕ್ಕೆದ್ದು ಇನ್ನೊಂದು ಬದಿ ಕುಸಿದದ್ದರಿಂದ, ಸಮತಟ್ಟಾದ ಕಣಿವೆಯಿಂದ ಶಿಖರಗಳು ಸುಮಾರು 2,100 ಮೀಟರ್ ನೇರ ಎದ್ದು ನಿಂತಿವೆ. ಅತ್ಯುನ್ನತ ಶಿಖರದ ಎತ್ತರ ಸಮುದ್ರ ಮಟ್ಟದಿಂದ 4,199 ಮೀಟರ್. ಆ ಬಯಲಿನಲ್ಲಿ ನಿಂತವನು ಬಲು ದೂರದಿಂದಲೇ ಕಣ್ಣಿಗೆ ಬೀಳುತ್ತಾನೆ. ಮರೆ ಹುಡುಕುವವನಿಗೆ ಅಲ್ಲಿ ಮರೆ ಕಡಿಮೆ.

ಅಂಥ ನಾಡಿನಲ್ಲಿ ವ್ಯಾನಿಂಗ್ ಮತ್ತು ಅವನ ಸ್ನೇಹಿತ, ವೈದ್ಯ ಗರ್ಸ್ಟನ್, ಬೇಟೆಗೆಂದು ಬಂದು ಬೀಡು ಬಿಟ್ಟಿದ್ದಾರೆ. ರಸ್ತೆಯಿಂದ ಕಾರೊಂದು ಜಾರಿ ಉರುಳುತ್ತದೆ. ಒಳಗಿದ್ದವರಲ್ಲಿ ಒಬ್ಬನ ಕೈಗೆ ಪೆಟ್ಟಾಗಿದೆ. ವೈದ್ಯ ಓಡಿ ಹೋಗಿ ಉಪಚರಿಸುತ್ತಾನೆ. ಉಪಚಾರ ಮುಗಿದ ಮೇಲೆ ಅವರು, ಅಂದರೆ ಜಾನ್ ಮತ್ತು ರೆಡ್, ತಮ್ಮನ್ನು ಕಂಡವರು ಉಳಿಯಬಾರದೆಂದು ತೀರ್ಮಾನಿಸುತ್ತಾರೆ. ವ್ಯಾನಿಂಗ್‌ನ ಬೇಟೆಯ ಬಂದೂಕಿನಿಂದಲೇ ವೈದ್ಯನನ್ನು ಕೊಲ್ಲುತ್ತಾರೆ. ವ್ಯಾನಿಂಗ್ ಗೆಳೆಯನನ್ನು ಕೊಂದು ತಾನೂ ಗುಂಡು ಹೊಡೆದುಕೊಂಡ ಎಂದು ಕಾಣಬೇಕು, ಅದು ಅವರ ಲೆಕ್ಕ. ಆದರೆ ವ್ಯಾನಿಂಗ್ ಸಾಯುವುದಿಲ್ಲ, ಮೂರ್ಛೆ ಹೋಗುತ್ತಾನೆ. ಅವಸರದಲ್ಲಿ ಅವರು ಹಣದ ಚೀಲ ಬಿಟ್ಟು ವೈದ್ಯನ ಚೀಲ ಎತ್ತಿಕೊಂಡು ಹೋಗುತ್ತಾರೆ. ಎಚ್ಚರವಾದ ವ್ಯಾನಿಂಗ್, ಅವರು ಹಿಂದಿರುಗುವುದನ್ನು ಕಂಡು ಹಣದ ಚೀಲ ಹಿಡಿದು ಹಿಮದಲ್ಲಿ ಓಡುತ್ತಾನೆ, ದಾರಿಯಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ಇದರ ಜೊತೆಗೆ ವೈದ್ಯನ ಎಳೆಯ ಹೆಂಡತಿ ವ್ಯಾನಿಂಗ್‌ಗೆ ಬರೆದ ಪ್ರೇಮಪತ್ರಗಳು ಬೇರೆ ಇವೆ. ಪೊಲೀಸರಿಗೆ ಇನ್ನೇನು ಬೇಕು?

ಈ ಕೊಲೆ ನಡೆಯುವುದು ಹಾಡಹಗಲಲ್ಲಿ, ಬಿಳಿ ಹಿಮದ ಹಿನ್ನೆಲೆಯಲ್ಲಿ. ಚಿತ್ರದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಘಟನೆ ಅದು. ಅದನ್ನು ಕಂಡ ಹೊರಗಿನವರು ಒಬ್ಬರೂ ಇಲ್ಲ. ನಗರದಲ್ಲಿ ಇದರ ತಿರುಗುಮುರುಗು. ಬೀದಿಗಳು ಕತ್ತಲು, ಮುಖಗಳ ಅರ್ಧ ಭಾಗ ನೆರಳು, ಆದರೂ ವ್ಯಾನಿಂಗ್‌ನ ಮೇಲೆ ಎಷ್ಟು ಕಣ್ಣುಗಳು! ದರೋಡೆಕೋರರು ನೋಡುತ್ತಿದ್ದಾರೆ, ಎದುರು ಮನೆಯ ಕಿಟಕಿಯಿಂದ ವಿಮಾ ಕಂಪನಿಯ ತನಿಖೆಗಾರ ನೋಡುತ್ತಿದ್ದಾನೆ, ಪೊಲೀಸರು ಎಲ್ಲಿಂದ ಬರುತ್ತಾರೋ ಎಂದು ಅವನೇ ತನ್ನ ಸುತ್ತ ನೋಡುತ್ತಿದ್ದಾನೆ. ಎಲ್ಲವೂ ಕಾಣುವ ಕಡೆ ನೋಡುವವರಿಲ್ಲ. ನೋಡುವವರಿರುವ ಕಡೆ ಸರಿಯಾಗಿ ಕಾಣುವುದಿಲ್ಲ. ನಿರಪರಾಧಿಯ ನಿಜವಾದ ಸಂಕಟವನ್ನು ಟೂರ್ನರ್ ಹೀಗೆ ಎರಡು ಭೂದೃಶ್ಯಗಳಾಗಿ ಹಂಚಿಟ್ಟಿದ್ದಾನೆ. ನ್ಯಾಯಾಲಯದ ದೃಶ್ಯ ಒಂದೂ ಇಲ್ಲದ ಈ ಚಿತ್ರ ಸಾಕ್ಷ್ಯದ ಬಗ್ಗೆ ಹೇಳುವಷ್ಟನ್ನು ಎಷ್ಟೋ ನ್ಯಾಯಾಲಯದ ಚಿತ್ರಗಳು ಹೇಳಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಮ ಎಂದ ಕೂಡಲೇ ನಮ್ಮ ಪ್ರೇಕ್ಷಕರಿಗೆ ಹಾಡು ನೆನಪಾಗುತ್ತದೆ. ಕಾಶ್ಮೀರ, ಸ್ವಿಟ್ಜರ್‌ಲೆಂಡ್, ನಾಯಕಿಯ ತೆಳು ಸೀರೆ. ಕ್ಯಾಮೆರಾ ಹಿಡಿದವರಿಗೆ ಮಾತ್ರ ಹಿಮ ಎಷ್ಟು ಕಷ್ಟದ್ದು ಎಂಬುದು ಗೊತ್ತು. ಲೈಟ್ ಮೀಟರಿಗೆ ಹಿಮ ಎಂಬುದು ತಿಳಿಯದು. ಎದುರಿಗಿರುವುದೆಲ್ಲ ಮಧ್ಯಮ ಬೂದು ಬಣ್ಣದ್ದು ಎಂಬ ಎಣಿಕೆಯ ಮೇಲೆ ಅದು ಅಳತೆ ಕೊಡುತ್ತದೆ. ಆ ಅಳತೆಯನ್ನೇ ನಂಬಿದರೆ ಹಿಮ ಕೊಳೆಯಾಗಿ ಕಾಣುತ್ತದೆ, ಮನುಷ್ಯರ ಮುಖ ಕಪ್ಪಿಡುತ್ತದೆ. ಮುಖಕ್ಕೆಂದು ಬೆಳಕು ಹೆಚ್ಚಿಸಿದರೆ ಹಿಮದ ಮೈಯೆಲ್ಲ ಕರಗಿ ಬರೀ ಬಿಳಿ ಹಾಳೆ ಉಳಿಯುತ್ತದೆ. ಇನ್ನೊಂದು ತೊಂದರೆ ಹೆಜ್ಜೆ ಗುರುತು. ನಟ ಒಮ್ಮೆ ಓಡಿದರೆ ಆ ಜಾಗ ಮುಗಿಯಿತು; ಎರಡನೇ ಟೇಕ್‌ಗೆ ಹೊಸ ಹಿಮ ಹುಡುಕಬೇಕು. ದುಡ್ಡಿರುವ ಕಂಪನಿ ಕಾಯಬಹುದು. ದುಡ್ಡಿಲ್ಲದವರು ಮೊದಲೇ ಯೋಚಿಸಿ, ಒಂದೇ ಸಲಕ್ಕೆ ಸರಿಯಾಗಿ ತೆಗೆಯಬೇಕು. ಕಡಿಮೆ ಬಂಡವಾಳದ ಚಿತ್ರಗಳಲ್ಲಿ ನಾವು ಬಿಗಿ ಎಂದು ಮೆಚ್ಚುವ ಗುಣದ ಬಹುಪಾಲು ಹುಟ್ಟುವುದು ಇಂಥ ಒತ್ತಾಯಗಳಿಂದ.

‘ನೈಟ್‌ಫಾಲ್’ನ ಛಾಯಾಗ್ರಾಹಕ ಬರ್ನೆಟ್ ಗಫಿ. 1953ರ ‘ಫ್ರಮ್ ಹಿಯರ್ ಟು ಎಟರ್ನಿಟಿ’ಗೆ ಆಗಲೇ ಆಸ್ಕರ್ ಪಡೆದಿದ್ದವರು, ಮುಂದೆ 1967ರ ‘ಬಾನಿ ಆ್ಯಂಡ್ ಕ್ಲೈಡ್’ಗೆ ಇನ್ನೊಂದು ಪಡೆದವರು. ಇಂಥವರು ಪುಟ್ಟ ಚಿತ್ರಕ್ಕೂ ಅದೇ ಶ್ರದ್ಧೆ ಕೊಟ್ಟರು. ಬೆಟ್ಟದ ದೃಶ್ಯಗಳಲ್ಲಿ ಅವರು ಪೋಸ್ಟ್‌ಕಾರ್ಡ್ ಸೌಂದರ್ಯದ ಹಿಂದೆ ಹೋಗಲಿಲ್ಲ. ಹಿಮ ಅಲ್ಲಿ ಬರಿದಾದ ನೆಲ. ಅದರ ಮೇಲೆ ಮನುಷ್ಯರು ಕಪ್ಪು ಆಕೃತಿಗಳು. ನಗರದಲ್ಲಿ ನೆರಳು ಮನುಷ್ಯನನ್ನು ನುಂಗಿದರೆ ಬೆಟ್ಟದಲ್ಲಿ ಹಿಮ ಅವನನ್ನು ಹಿಡಿದು ತೋರಿಸುತ್ತದೆ. ಎರಡೂ ಅಷ್ಟೇ ಕ್ರೂರ.

ಹಿನ್ನೋಟದ ಬಳಕೆಯನ್ನೂ ಗಮನಿಸಬೇಕು. ಬೆಟ್ಟದ ಕತೆ ಒಂದೇ ಸಲ ಬರುವುದಿಲ್ಲ, ತುಂಡುತುಂಡಾಗಿ ಬರುತ್ತದೆ. ಚಿತ್ರಕಥೆ ಬರೆದ ಸ್ಟರ್ಲಿಂಗ್ ಸಿಲಿಫಾಂಟ್, ಮುಂದೆ ‘ಇನ್ ದ ಹೀಟ್ ಆಫ್ ದ ನೈಟ್’ಗೆ ಆಸ್ಕರ್ ಪಡೆದವರು, ಪ್ರತಿ ತುಂಡನ್ನೂ ನಮಗೆ ಸ್ವಲ್ಪ ಅನುಮಾನ ಉಳಿಯುವಂತೆ ಕತ್ತರಿಸಿದ್ದಾರೆ. ಕತೆ ಹೇಳುತ್ತಿರುವವನು ಆರೋಪಿಯೇ. ಮರೀ ಕೇಳುತ್ತಿದ್ದಾಳೆ, ಅವಳ ಜೊತೆ ನಾವೂ ಕೇಳುತ್ತಿದ್ದೇವೆ. ನಮಗಾದರೂ ಚಿತ್ರ ಬೆಟ್ಟವನ್ನು ತೋರಿಸುತ್ತದೆ. ಅವಳಿಗೆ ಇರುವುದು ಅವನ ಮಾತು ಮತ್ತು ಮುಖ, ಅಷ್ಟೇ.

ಮೂಲ ಕಾದಂಬರಿ ಡೇವಿಡ್ ಗುಡಿಸ್ ಅವರದು, 1947ರದು. ಫಿಲಡೆಲ್ಫಿಯಾದ ಈ ಲೇಖಕರ ‘ಡಾರ್ಕ್ ಪ್ಯಾಸೇಜ್’ ಅದೇ ವರ್ಷ ಹಂಫ್ರಿ ಬೋಗಾರ್ಟ್ ನಟನೆಯಲ್ಲಿ ಚಿತ್ರವಾಗಿತ್ತು. ಮುಂದೆ ಫ್ರಾನ್ಸ್‌ನಲ್ಲಿ ಫ್ರಾಂಸ್ವಾ ತ್ರೂಫೊ, ಗುಡಿಸ್ ಅವರ ಇನ್ನೊಂದು ಕಾದಂಬರಿಯಿಂದ ‘ಶೂಟ್ ದ ಪಿಯಾನೊ ಪ್ಲೇಯರ್’ ಮಾಡಿದರು. ಕಾದಂಬರಿಯ ನ್ಯೂಯಾರ್ಕ್ ಚಿತ್ರದಲ್ಲಿ ಲಾಸ್ ಏಂಜಲೀಸ್ ಆಯಿತು. ಈ ಬದಲಾವಣೆಯಲ್ಲಿ ಲಾಭವೇ ಹೆಚ್ಚು. ಲಾಸ್ ಏಂಜಲೀಸ್ ಬಿಸಿಲಿನ ಊರು. ಬೆವರ್ಲಿ ಹಿಲ್ಸ್‌ನ ದೊಡ್ಡ ಬಟ್ಟೆ ಅಂಗಡಿಯೊಂದರ ಫ್ಯಾಷನ್ ಪ್ರದರ್ಶನ ಹಗಲು ಬೆಳಕಿನಲ್ಲಿ ನಡೆಯುತ್ತದೆ. ಮರೀ ಬೆಡಗಿನ ಉಡುಪಿನಲ್ಲಿ ನಡೆದು ಬರುತ್ತಿರುವಾಗ ಪ್ರೇಕ್ಷಕರ ನಡುವೆ ಜಾನ್ ಮತ್ತು ರೆಡ್ ಕೂತಿದ್ದಾರೆ. ಎಲ್ಲರೂ ಅವಳನ್ನು ನೋಡಬೇಕೆಂದೇ ಏರ್ಪಾಡಾದ ಜಾಗದಲ್ಲಿ ಅವಳು ಬೇಟೆಯಾಗಿ ಕಾಣುತ್ತಾಳೆ. ವ್ಯಾನಿಂಗ್ ಬಂದು ಎಚ್ಚರಿಸುತ್ತಾನೆ, ಅದೇ ಉಡುಪಿನಲ್ಲಿ ಅವಳು ಓಡುತ್ತಾಳೆ. ಬೆಟ್ಟದ ಬಯಲಿನ ಭಯ ನಗರದ ನಡುಮಧ್ಯೆ ಬಂದು ಕೂತ ದೃಶ್ಯ ಅದು.

ಬೆಟ್ಟ ಅಮೆರಿಕದ ಈ ಬಗೆಯ ಚಿತ್ರಗಳಿಗೆ ಹೊಸದಾಗಿರಲಿಲ್ಲ. 1941ರ ‘ಹೈ ಸಿಯೆರಾ’ದಲ್ಲಿ ಬೋಗಾರ್ಟ್ ವಿಟ್ನಿ ಪರ್ವತದ ಇಳಿಜಾರಿನ ಬಂಡೆಗಳ ನಡುವೆ ಪೊಲೀಸ್ ಗುಂಡಿಗೆ ಬಲಿಯಾಗುತ್ತಾನೆ. ಅಲ್ಲಿ ಬೆಟ್ಟ ಎಂದರೆ ದಾರಿ ಮುಗಿಯುವ ಜಾಗ. ನಿಕೊಲಸ್ ರೇ ಅವರ ‘ಆನ್ ಡೇಂಜರಸ್ ಗ್ರೌಂಡ್’ನಲ್ಲಿ ನಗರದ ಹಿಂಸೆಯಿಂದ ಒರಟಾದ ಪೊಲೀಸನೊಬ್ಬ ಹಿಮದ ನಾಡಿಗೆ ಹೋಗಿ, ಕಣ್ಣು ಕಾಣದ ಹೆಣ್ಣಿನ ಮನೆಯಲ್ಲಿ ಮನುಷ್ಯನಾಗುತ್ತಾನೆ. ಆದರೆ ‘ನೈಟ್‌ಫಾಲ್’ ಪಕ್ಕ ಇಟ್ಟು ನೋಡಲೇಬೇಕಾದದ್ದು ಟೂರ್ನರ್‌ನದೇ 1947ರ ‘ಔಟ್ ಆಫ್ ದ ಪಾಸ್ಟ್’. ಅದರಲ್ಲಿ ರಾಬರ್ಟ್ ಮಿಚಮ್ ನಗರದ ಪಾಪಗಳನ್ನು ಹಿಂದೆ ಬಿಟ್ಟು, ಸಿಯೆರಾ ನೆವಾಡಾದ ತಪ್ಪಲಿನ ಬ್ರಿಜ್‌ಪೋರ್ಟ್ ಎಂಬ ಪುಟ್ಟ ಊರಿನಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದಾನೆ. ಕಪ್ಪು ಕೋಟಿನ ಒಬ್ಬ ಕಾರಿನಲ್ಲಿ ಅವನನ್ನು ಹುಡುಕಿಕೊಂಡು ಬರುವುದರೊಂದಿಗೆ ಚಿತ್ರ ತೆರೆದುಕೊಳ್ಳುತ್ತದೆ. ಅಲ್ಲಿ ಬೆಟ್ಟ ಆಸರೆ, ನಗರ ಪಾಪದ ಮೂಲ. ಹತ್ತು ವರ್ಷದ ನಂತರ ಅದೇ ನಿರ್ದೇಶಕ ಇದನ್ನು ಪೂರ್ತಿ ತಿರುಗಿಸಿದ. ‘ನೈಟ್‌ಫಾಲ್’ನಲ್ಲಿ ಕೆಟ್ಟದ್ದು ನಡೆದದ್ದು ಬೆಟ್ಟದಲ್ಲಿ, ಅಡಗಲು ಬಂದದ್ದು ನಗರಕ್ಕೆ. ಹಳ್ಳಿ ಶುದ್ಧ, ಪಟ್ಟಣ ಕೊಳಕು ಎಂಬ ಸುಲಭದ ನಂಬಿಕೆಯನ್ನು ಅವನು ತಾನೇ ಕಟ್ಟಿ ತಾನೇ ಒಡೆದ. ಕಲಾವಿದನೊಬ್ಬ ತನ್ನ ಅತ್ಯುತ್ತಮ ಕೃತಿಗೆ ಹೀಗೆ ಎದುರು ಮಾತಾಡುವುದು ಅಪರೂಪ. ‘ಔಟ್ ಆಫ್ ದ ಪಾಸ್ಟ್’ ಹೆಚ್ಚು ಚೆಲುವಾದ ಚಿತ್ರ, ಅದರಲ್ಲಿ ಸಂದೇಹವಿಲ್ಲ. ಆದರೆ ಅದರ ನಾಯಕನಿಗೆ ಬಿಡುಗಡೆಯ ದಾರಿಯೇ ಇಲ್ಲ; ವಿಧಿ ಎಲ್ಲವನ್ನೂ ಮುಂಚೆಯೇ ಬರೆದಿಟ್ಟಿದೆ. ‘ನೈಟ್‌ಫಾಲ್’ ವಿಧಿಯ ಜಾಗದಲ್ಲಿ ಮನುಷ್ಯರ ನಿರ್ಧಾರವನ್ನು ಇಡುತ್ತದೆ. ಯಾರಾದರೂ ಅವನನ್ನು ನಂಬಿದರೆ ಅವನು ಉಳಿಯುತ್ತಾನೆ.

ನಂಬುವವರು ಇಬ್ಬರು. ಒಬ್ಬಳು ಮರೀ. ಇನ್ನೊಬ್ಬ ವಿಮಾ ತನಿಖೆಗಾರ ಬೆನ್ ಫ್ರೇಸರ್. ನಟ ಜೇಮ್ಸ್ ಗ್ರೆಗರಿ. ಈ ಫ್ರೇಸರ್ ನನಗೆ ಚಿತ್ರದ ಅತ್ಯಂತ ಪ್ರೀತಿಯ ಪಾತ್ರ. ಇಂಥ ಚಿತ್ರಗಳಲ್ಲಿ ತನಿಖೆಗಾರ ಎಂದರೆ ಚುರುಕು ಮಾತಿನವನು, ಇಲ್ಲವೇ ತಾನೇ ಅರ್ಧ ಕೆಟ್ಟವನು. ಫ್ರೇಸರ್ ಸಂಬಳದ ಮನುಷ್ಯ, ಸಂಜೆ ಮನೆಗೆ ಹೋಗಿ ಹೆಂಡತಿ ಲಾರಾ ಜೊತೆ ದಿನದ ಕೆಲಸ ಹೇಳಿಕೊಳ್ಳುವವನು. ವ್ಯಾನಿಂಗ್‌ನ ಮೇಲೆ ಕಣ್ಣಿಟ್ಟು ಎಷ್ಟೋ ದಿನಗಳಾಗಿವೆ. ಅವನು ಹೇಗೆ ನಡೆಯುತ್ತಾನೆ, ಏನು ತಿನ್ನುತ್ತಾನೆ, ಯಾವಾಗ ದೀಪ ಆರಿಸುತ್ತಾನೆ ಎಲ್ಲ ಗೊತ್ತು. ಹಣ ಕದ್ದ ಮನುಷ್ಯ ಹೀಗೆ ಬದುಕುವುದಿಲ್ಲ, ಕೊಲೆ ಮಾಡಿದವನು ಹೀಗಿರುವುದಿಲ್ಲ ಎಂಬ ಅನಿಸಿಕೆ ಅವನಲ್ಲಿ ಮೆಲ್ಲಗೆ ಬಲಿಯುತ್ತದೆ. ಅದಕ್ಕೆ ಪುರಾವೆಯಿಲ್ಲ. ಕಡತದಲ್ಲಿ ಇರುವುದೆಲ್ಲ ವ್ಯಾನಿಂಗ್‌ಗೆ ವಿರುದ್ಧವೇ. ಆದರೂ ಅವನು ತನ್ನ ಕಣ್ಣನ್ನು ಕಡತಕ್ಕಿಂತ ಹೆಚ್ಚು ನಂಬುತ್ತಾನೆ. ಬೇರೆಯವರು ವ್ಯಾನಿಂಗ್‌ನನ್ನು ಹಿಡಿಯುವುದಕ್ಕಾಗಿ ನೋಡುತ್ತಿದ್ದಾರೆ, ಫ್ರೇಸರ್ ತಿಳಿಯುವುದಕ್ಕಾಗಿ ನೋಡುತ್ತಾನೆ. ಲಾರಾ ಪಾತ್ರದ ಜೋಸ್ಲಿನ್ ಬ್ರಾಂಡೊ, ಮಾರ್ಲನ್ ಬ್ರಾಂಡೊ ಅವರ ಅಕ್ಕ, ಕೆಲವೇ ನಿಮಿಷ ಇದ್ದರೂ ಆ ಮನೆಗೆ ಜೀವ ತುಂಬಿದ್ದಾರೆ. ಅಪರಾಧ ಚಿತ್ರದಲ್ಲಿ ಸುಖವಾಗಿರುವ ಗಂಡ-ಹೆಂಡತಿ ಮಾತಾಡುವುದನ್ನು ಕೇಳುವುದೇ ಒಂದು ನೆಮ್ಮದಿ.

ಖಳರಲ್ಲಿಯೂ ಇದೇ ಸೂಕ್ಷ್ಮ ಇದೆ. ಬ್ರಯನ್ ಕೀತ್ ಮಾಡಿದ ಜಾನ್ ತಣ್ಣಗಿನವನು, ದುಡ್ಡು ಸಿಕ್ಕರೆ ಸಾಕು ಎನ್ನುವವನು. ರೂಡಿ ಬಾಂಡ್ ಮಾಡಿದ ರೆಡ್‌ಗೆ ನೋಯಿಸುವುದರಲ್ಲೇ ಸುಖ. ಇಬ್ಬರೂ ಸದಾ ಜಗಳವಾಡುತ್ತಾರೆ. ವ್ಯಾನಿಂಗ್‌ನ ಸುತ್ತ ನಂಬಿಕೆ ಬೆಳೆಯುತ್ತ ಹೋದಂತೆ ಇವರ ನಡುವಿನದು ಒಡೆಯುತ್ತ ಹೋಗುತ್ತದೆ. ಕೊನೆಗೆ ವ್ಯಾನಿಂಗ್, ಮರೀ, ಫ್ರೇಸರ್ ಮೂವರೂ ಹಣ ಹುಡುಕಿ ವಯೋಮಿಂಗ್‌ಗೆ ಬಂದಾಗ ಚೀಲ ದರೋಡೆಕೋರರ ಕೈ ಸೇರಿದೆ. ಅದು ಸಿಕ್ಕ ಮೇಲೂ ಅವರಿಗೆ ಒಟ್ಟಿಗೆ ಉಳಿಯಲಾಗುವುದಿಲ್ಲ. ರೆಡ್ ಜಾನ್‌ನನ್ನು ಕೊಂದುಬಿಡುತ್ತಾನೆ. ರಸ್ತೆಯ ಹಿಮ ತಳ್ಳುವ ದೈತ್ಯ ಯಂತ್ರವನ್ನೇರಿ ರೆಡ್ ಮುಂದೆ ನುಗ್ಗುತ್ತಾನೆ, ವ್ಯಾನಿಂಗ್ ಅದರ ಮೇಲೆ ಹತ್ತಿ ಹೊಡೆದಾಡುತ್ತಾನೆ, ರೆಡ್ ಅದೇ ಯಂತ್ರದ ಬಾಯಿಗೆ ಬೀಳುತ್ತಾನೆ. 1996ರಲ್ಲಿ ಕೋಯೆನ್ ಸಹೋದರರು ಮಾಡಿದ ‘ಫಾರ್ಗೊ’ ನೋಡಿದವರಿಗೆ ಹಿಮದಲ್ಲಿ ಕಳೆದ ಹಣ, ಹೊಂದಿಕೆಯಿಲ್ಲದ ಇಬ್ಬರು ಅಪರಾಧಿಗಳು, ಮನುಷ್ಯದೇಹ ಮತ್ತು ಯಂತ್ರ, ಎಲ್ಲವೂ ಪರಿಚಿತ ಎನಿಸಬಹುದು.

ಚಿತ್ರಕ್ಕೆ ದೋಷಗಳಿಲ್ಲವೆಂದು ನಾನು ಹೇಳಲಾರೆ. ಹೆಸರುಗಳು ಬರುವಾಗ ಆಲ್ ಹಿಬ್ಲರ್ ಹಾಡುವ ಹಾಡು ಮಧುರವಾಗಿದೆ, ಆದರೆ ಮುಂದೆ ಬರುವ ಭಯಕ್ಕೂ ಅದಕ್ಕೂ ನಂಟಿಲ್ಲ. ವೈದ್ಯನ ಹೆಂಡತಿಯ ಪತ್ರಗಳ ಎಳೆ ಅನುಮಾನ ಹುಟ್ಟಿಸಲಷ್ಟೇ ಬಳಕೆಯಾಗಿದೆ, ಆ ಹೆಣ್ಣಿನ ದುಃಖ ಯಾರಿಗೂ ಬೇಕಾಗಿಲ್ಲ. ಕೊನೆಯ ಭಾಗದಲ್ಲಿ ಮರೀಗೆ ಮಾಡಲು ಕೆಲಸವೇ ಉಳಿದಿಲ್ಲ. ಬ್ಯಾಂಕ್ರಾಫ್ಟ್ ಅವರಂಥ ನಟಿಯನ್ನು ಕಾಯುತ್ತ ನಿಲ್ಲಿಸಿದ್ದು ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ. ಆದರೂ ಆಲ್ಡೊ ರೇ ಎದುರು ಅವರು ಕೂತು ಕೇಳುವ ರೀತಿ ಅಮೂಲ್ಯ. ರೇ ಮುಷ್ಟಿಯೋಧನ ಮೈಯವರು, ದನಿ ಮಾತ್ರ ಒಡಕು, ಮೃದು. ನಟರಾಗುವ ಮುಂಚೆ ಕ್ಯಾಲಿಫೋರ್ನಿಯಾದ ಕ್ರಾಕೆಟ್ ಎಂಬ ಊರಿನಲ್ಲಿ ಚುನಾಯಿತ ಕಾನ್‌ಸ್ಟೆಬಲ್ ಆಗಿದ್ದವರು. ಆ ದೊಡ್ಡ ದೇಹ ಹೆದರಿಕೆಯಿಂದ ಮುದುಡುವುದನ್ನು ನೋಡಿದಾಗ ಭಯ ಹೇಡಿಗಳ ಸೊತ್ತು ಎಂಬ ಮಾತು ಸುಳ್ಳೆನಿಸುತ್ತದೆ.

ಇಂಥ ಚಿತ್ರಗಳು ಹುಟ್ಟಿದ ವ್ಯವಸ್ಥೆ ಆಗ ಕುಸಿಯುತ್ತಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಡಬೇಕಾಯಿತು. ಒಂದು ಟಿಕೆಟ್‌ಗೆ ಎರಡು ಚಿತ್ರ ತೋರಿಸುವ ಪದ್ಧತಿ ಸೊರಗಿತು, ಟೆಲಿವಿಷನ್ ಮನೆಮನೆ ಸೇರಿತು. ಕೋಪಾದಂಥ ಸಣ್ಣ ಕಂಪನಿಗಳಿಗೆ ಉಳಿದದ್ದು ಕೆಲವೇ ವರ್ಷಗಳ ಅವಕಾಶ. ಟೂರ್ನರ್ ಅದೇ 1957ರಲ್ಲಿ ಇಂಗ್ಲೆಂಡಿನಲ್ಲಿ ‘ನೈಟ್ ಆಫ್ ದ ಡೆಮನ್’ ಮಾಡಿದ. ಮುಂದೆ ಟೆಲಿವಿಷನ್‌ಗೂ ಕೆಲಸ ಮಾಡಿ, ಫ್ರಾನ್ಸ್‌ಗೆ ಮರಳಿ, 1977ರಲ್ಲಿ ಬೆರ್ಜೆರಾಕ್‌ನಲ್ಲಿ ತೀರಿಕೊಂಡ. ಗುಡಿಸ್ 1967ರಲ್ಲಿ, ಐವತ್ತು ತುಂಬುವ ಮುಂಚೆಯೇ ಹೋದರು. ಅವರ ಪುಸ್ತಕಗಳನ್ನು ಫ್ರೆಂಚ್ ಓದುಗರು ಕಾಪಾಡಿಕೊಂಡು ಬಂದರು. 2012ರಲ್ಲಿ ಲೈಬ್ರರಿ ಆಫ್ ಅಮೆರಿಕ ಅವರ ಐದು ಕಾದಂಬರಿಗಳನ್ನು ಒಂದೇ ಸಂಪುಟದಲ್ಲಿ ತಂದಾಗ ಅದರಲ್ಲಿ ‘ನೈಟ್‌ಫಾಲ್’ ಸಹ ಇತ್ತು. ಚಿತ್ರ ಈಗ ಒಳ್ಳೆಯ ಮುದ್ರಣದಲ್ಲಿ ಸಿಗುತ್ತದೆ. ನೋಡುವವರು ಸಾಧ್ಯವಾದರೆ ‘ಔಟ್ ಆಫ್ ದ ಪಾಸ್ಟ್’ ನೋಡಿದ ಮಾರನೆಯ ದಿನವೇ ಇದನ್ನು ನೋಡಿ. ಫ್ರೇಸರ್ ಕಿಟಕಿಯ ಬಳಿ ನಿಂತಿರುವ ದೃಶ್ಯಗಳಿಗೆ ದರೋಡೆಯ ದೃಶ್ಯಗಳಿಗಿಂತ ಹೆಚ್ಚು ಗಮನ ಕೊಡಿ.